ಹನಿಗೂಡಿದರೆ ಹಳ್ಳ



ಒಂದೇ ದಿನದಲ್ಲಿ ಯಾರೂ ಪಂಡಿತರಾಗಲಾರರೆಂಬುದು ಎಲ್ಲರೂ ಬಲ್ಲ ಮಾತು. ಆದರೂ ಪರೀಕ್ಷೆ ಸಮೀಪಿಸಿದೊಡನೆ ನಾವು ಇದನ್ನು ಮರೆಯುತ್ತೇವೆ. ವರ್ಷದ ಪಾಠವನ್ನು ವಾರದಲ್ಲಿ ಮುಗಿಸಲು ಹವಣಿಸಿ, ಅದು ಸಾಧ್ಯವಾಗದಿರಲು, "ನನಗೆ ವಿದ್ಯೆ ಹತ್ತದು" ಎಂದು ಕೈಚೆಲ್ಲುತ್ತೇವೆ. ಎಷ್ಟೋ ಮಕ್ಕಳು ಶಾಲೆಯನ್ನು ತೊರೆಯುವುದು ಈ ಒಂದು ಮಾತಿನಿಂದಲೇ.

ಈ ಮಾತಿಗೆ ಉತ್ತರವನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಕನ್ನಡ ನಾಡಿನಿಂದ ಬಂದು ನಮ್ಮೀ ಪುಣೆಯಲ್ಲಿ ನೆಲೆಸಿದ ಪಂಡಿತ ಭೀಮಸೇನ ಜೋಶಿಯವರ ಬಾಳನ್ನು ನೋಡೋಣ. ಅವರು 1922ರಲ್ಲಿ ಗದಗ ಸೀಮೆಯಲ್ಲಿ ಉಪಾಧ್ಯಾಯರೊಬ್ಬರ ಮಗನಾಗಿ ಜನಿಸಿದರು. 1933ರಲ್ಲಿ, ಹನ್ನೊಂದರ ಎಳೆವಯಸ್ಸಿನಲ್ಲಿ, ಗುರುವನ್ನರಸಿ ಮನೆಬಿಟ್ಟು ಹೊರಟರು. ಗ್ವಾಲಿಯರ, ಜಲಂಧರ ಮೊದಲಾದ ಊರುಗಳನ್ನು ಸುತ್ತಿದರು. ಕೊನೆಗೆ 1936ರಲ್ಲಿ ಗುರುವು ದೊರೆತುದು ತಮ್ಮ ಸೀಮೆಯ ಕುಂದಗೋಳದಲ್ಲಿಯೇ. ಸವಾಯಿ ಗಂಧರ್ವರೆಂದು ಪ್ರಸಿದ್ಧರಾದ ರಾಮಭಾವು ಕುಂದಗೋಳಕರರೇ ಆ ಗುರುಗಳು.

ಅಲ್ಲಿ ನೀರು ಹೊತ್ತು, ಮನೆಗೆಲಸ ಮಾಡಿ, ಉಳಿದ ಹೊತ್ತಿನಲ್ಲಿ ಸಾಧನೆ ನಡೆಯಿತು. ಗುರುಗಳು ಮುಖ್ಯವಾಗಿ ಕಲಿಸಿದ ರಾಗಗಳು ಮೂರು: ಬೆಳಗಿನ ತೋಡಿ, ಮಧ್ಯಾಹ್ನದ ಮುಲ್ತಾನಿ, ಸಂಜೆಯ ಪೂರಿಯಾ. ತೋಡಿ, ಮುಲ್ತಾನಿಗಳ ಸ್ವರಗಳು ಒಂದೇ. ಅವುಗಳ ನಡೆ ಮಾತ್ರ ಬೇರೆ. ಒಂದರ ನೆರಳು ಇನ್ನೊಂದರ ಮೇಲೆ ಬೀಳದಂತೆ ಹಾಡುವುದು ಸುಲಭವಲ್ಲ. ತಪ್ಪಿದಲ್ಲಿಗೆ ಮರಳಿ, ತಿದ್ದಿಕೊಂಡು, ಮತ್ತೆ ಹಾಡಿದಾಗಲೇ ಅದು ಕಂಠಗತವಾಗುತ್ತದೆ. 1941ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಅವರ ಮೊದಲ ಕಚೇರಿಯಾಯಿತು. 1953ರಲ್ಲಿ ಗುರುಗಳ ಸ್ಮರಣೆಗಾಗಿ ಪುಣೆಯಲ್ಲಿ ಸಂಗೀತೋತ್ಸವವು ಆರಂಭವಾಯಿತು. 2008ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ಘೋಷಿತವಾಯಿತು. ಮೊದಲ ಕಚೇರಿಗೂ ಈ ಗೌರವಕ್ಕೂ ನಡುವೆ ಅರವತ್ತೇಳು ವರ್ಷಗಳ ಅಂತರವಿದೆ!

ಇದರಿಂದ ನಾವು ಕಲಿಯಬೇಕಾದುದೇನು?

ಮೊದಲನೆಯದಾಗಿ, ಸ್ವಲ್ಪವನ್ನೇ ಹಿಡಿಯಬೇಕು. ದಿನಕ್ಕೆ ಐದು ಹೊಸ ಶಬ್ದಗಳನ್ನು ಕಲಿತರೆ ಇನ್ನೂರು ದಿನಗಳಲ್ಲಿ ಒಂದು ಸಾವಿರವಾಗುತ್ತವೆ. ಎರಡನೆಯದಾಗಿ, ಹಿಡಿದುದನ್ನು ತಿದ್ದಿಕೊಳ್ಳಬೇಕು. 'ಹಕ್ಕಿ' ಎಂಬಲ್ಲಿ 'ಅಕ್ಕಿ' ಎಂದು ಬರೆಯುವವನು ನೂರು ಪುಟ ಬರೆದರೂ ತಪ್ಪೇ ಗಟ್ಟಿಯಾಗುತ್ತದೆ. ಉಪಾಧ್ಯಾಯರು ತಿದ್ದಿಕೊಟ್ಟ ವಹಿಯಿಂದ ದಿನಕ್ಕೊಂದು ತಪ್ಪನ್ನು ಆರಿಸಿ ಅದನ್ನು ಕಳೆಯಿರಿ. ಮೂರನೆಯದಾಗಿ, ಬಿಡದೆ ನಡೆಸಬೇಕು. ಒಂದು ದಿನ ತಪ್ಪಿದರೆ ಮರುದಿನವೇ ಮುಂದುವರಿಸಬೇಕು.

ನಿಮ್ಮಲ್ಲಿ ಹಲವರ ಮನೆಮಾತು ಕನ್ನಡ, ಬೀದಿಯ ಮಾತು ಮರಾಠಿ. ಮರಾಠಿ, ಹಿಂದಿಗಳ ಲಿಪಿಯೂ ತೋಡಿ, ಮುಲ್ತಾನಿಗಳ ಸ್ವರದಂತೆ ಒಂದೇ, ನಡೆ ಬೇರೆ. ತಾಯ್ತಂದೆಯರ ಕೆಲಸ ಬದಲಾದಂತೆ ಶಾಲೆ ಬದಲಿಸಿ, ಪಾಠದಲ್ಲಿ ಹಿಂದೆ ಬಿದ್ದವರೂ ಇರುವಿರಿ. ತಿಂಗಳ ಪಾಠ ಒಂದು ರಾತ್ರಿಯಲ್ಲಿ ಬಾರದು. ಸಂಜೆಗೊಂದು ಪುಟದಂತೆ ಓದಿದರೆ ಬಂದೇ ಬರುತ್ತದೆ. ಆದುದರಿಂದ "ನನಗೆ ಹತ್ತದು" ಎನ್ನುವ ಮೊದಲು ಇಂದಿನ ಒಂದು ಪುಟವನ್ನು ಓದಿ ಮುಗಿಸಿರಿ.