ತಲೆಗೆ ಬೀಳುವ ಪೆಟ್ಟು: ಕಾರಣ, ಅಪಾಯ ಮತ್ತು ಗ್ರಾಮ ಪಂಚಾಯಿತಿಯ ಹೊಣೆ



ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಸಿದ್ಧಪಡಿಸುವ ಅಧ್ಯಯನ ಪಾಠದಲ್ಲಿ ವೈದ್ಯಕೀಯ ವಿಷಯವೇಕೆ ಎಂಬ ಪ್ರಶ್ನೆ ತಮ್ಮಲ್ಲಿ ಮೂಡುವುದು ಸಹಜ. ಇದಕ್ಕೆ ಎರಡು ಕಾರಣಗಳಿವೆ. ಗ್ರಾಮದ ಒಳರಸ್ತೆ, ಶಾಲೆಯ ತಾರಸಿ, ತೋಟ, ನಿರ್ಮಾಣ ಹಂತದ ಮನೆ ಹೀಗೆ ತಲೆಗೆ ಪೆಟ್ಟು ಬೀಳುವ ಅನೇಕ ಸ್ಥಳಗಳು ನಮ್ಮ ಪಂಚಾಯಿತಿಯ ಎಲ್ಲೆಯೊಳಗೇ ಇವೆ. ಎರಡನೆಯದಾಗಿ, ಊರಿನಲ್ಲಿ ಯಾರಾದರೂ ಬಿದ್ದರೆ ಆಂಬುಲೆನ್ಸ್‌ಗೆ ಕರೆ ಹೋಗುವ ಮೊದಲೇ ವಾರ್ಡಿನ ಸದಸ್ಯರಿಗೆ ಕರೆ ಬರುತ್ತದೆ. ಆಗ ತಾವು ಆಡುವ ಒಂದು ಮಾತಿನ ಮೇಲೆ ಒಂದು ಜೀವ ನಿಂತಿರುವ ಸಾಧ್ಯತೆ ಇದೆ.

ನಾನು ಈ ಹಿಂದೆ ಕಾರ್ಯನಿರ್ವಹಿಸುತ್ತಿದ್ದ ಪಂಚಾಯಿತಿಯೊಂದರಲ್ಲಿ ನಡೆದ ಘಟನೆಯಿಂದ ಆರಂಭಿಸುತ್ತೇನೆ. ಶಾಲೆಯ ಮುಂದೆ ವಾಹನಗಳ ವೇಗ ಹೆಚ್ಚಾಗಿದೆ ಎಂದು ಗ್ರಾಮಸ್ಥರು ಒತ್ತಾಯಿಸಿದ್ದರು. ಸಮೀಪದಲ್ಲಿ ನಡೆಯುತ್ತಿದ್ದ ಸಿ.ಸಿ. ರಸ್ತೆ ಕಾಮಗಾರಿಯಲ್ಲಿ ಉಳಿದ ಕಾಂಕ್ರೀಟನ್ನು ಅಡ್ಡಲಾಗಿ ಸುರಿದು ಒಂದು ಉಬ್ಬನ್ನು ನಿರ್ಮಿಸಲಾಯಿತು. ಅಗಲ ಎರಡು ಅಡಿಯೂ ಇರಲಿಲ್ಲ. ಎತ್ತರ ಗೇಣಿಗೆ ಹತ್ತಿರವಿತ್ತು. ಬಣ್ಣವಿಲ್ಲ, ಫಲಕವಿಲ್ಲ. ನಾನು ಅದನ್ನು ಕಣ್ಣಾರೆ ನೋಡಿದ್ದೆ. ಎಂಜಿನಿಯರಿಂಗ್ ಪದವಿ ಪಡೆದವನಾಗಿಯೂ "ಮುಂದಿನ ವಾರ ಬಣ್ಣ ಹಚ್ಚಿಸೋಣ" ಎಂದು ಹೇಳಿ ಬೇರೆ ಕಡತದ ಕಡೆಗೆ ತಿರುಗಿದೆ. ಮೂರು ವಾರಗಳ ನಂತರ, ಮುಸ್ಸಂಜೆಯ ಹೊತ್ತಿನಲ್ಲಿ, ಪತಿಯ ಬೈಕಿನ ಹಿಂಬದಿಯಲ್ಲಿ ಒಂದೇ ಬದಿಗೆ ಕಾಲು ಹಾಕಿ ಕುಳಿತಿದ್ದ ಮಹಿಳೆಯೊಬ್ಬರು ಆ ಉಬ್ಬಿನ ಬಳಿ ಹಿಂದಕ್ಕೆ ಉರುಳಿಬಿದ್ದರು. ಅವರು ಸ್ವಸಹಾಯ ಸಂಘದ ಲೆಕ್ಕಪತ್ರ ಬರೆಯುತ್ತಿದ್ದವರು. ಬಿದ್ದವರು ತಾವೇ ಎದ್ದರು, ಸೀರೆಯ ಧೂಳು ಕೊಡವಿಕೊಂಡರು, ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ನೀರು ಕುಡಿದರು. ರಕ್ತ ಬಂದಿರಲಿಲ್ಲ. ಸುತ್ತ ಸೇರಿದವರೆಲ್ಲರೂ, ಅಲ್ಲಿದ್ದ ನಮ್ಮ ಸದಸ್ಯರೂ ಸೇರಿ, "ದೇವರು ದೊಡ್ಡವನು" ಎಂದು ಸಮಾಧಾನಪಟ್ಟರು. ಮನೆಗೆ ಹೋದ ಮೇಲೆ ತಲೆನೋವು ಎಂದು ಮಲಗಿದರು. ಮಧ್ಯರಾತ್ರಿ ಎರಡು ಬಾರಿ ವಾಂತಿಯಾಯಿತು. ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ.

ಆ ಸಂಜೆ ಬೆಂಚಿನ ಮೇಲೆ ಚೆನ್ನಾಗಿಯೇ ಮಾತನಾಡುತ್ತಿದ್ದವರಿಗೆ ರಾತ್ರಿ ಕಳೆಯುವಷ್ಟರಲ್ಲಿ ಏನಾಯಿತು ಎಂಬುದೇ ಈ ಪಾಠದ ತಿರುಳು.

ವಯಸ್ಕರ ತಲೆಬುರುಡೆಯು ಎಲ್ಲ ಕಡೆಯಿಂದಲೂ ಮುಚ್ಚಿದ, ಹಿಗ್ಗಲಾರದ ಒಂದು ಪೆಟ್ಟಿಗೆ. ಅದರೊಳಗೆ ಸುಮಾರು 1.3ರಿಂದ 1.4 ಕಿಲೋಗ್ರಾಂ ತೂಕದ, ಗಟ್ಟಿ ಮೊಸರಿನಷ್ಟು ಮೃದುವಾದ ಮಿದುಳು, ಅದರ ಸುತ್ತ ತಿಳಿಯಾದ ದ್ರವ, ಮತ್ತು ರಕ್ತ ಇವು ಮೂರು ಮಾತ್ರ ಇರುತ್ತವೆ. ನಾಲ್ಕನೆಯದಕ್ಕೆ ಅಲ್ಲಿ ಸ್ಥಳವಿಲ್ಲ. ಕೈಗೆ ಪೆಟ್ಟಾದರೆ ಬಾವು ಹೊರಕ್ಕೆ ಉಬ್ಬುತ್ತದೆ, ನಮ್ಮ ಕಣ್ಣಿಗೆ ಕಾಣುತ್ತದೆ. ತಲೆಯೊಳಗೆ ರಕ್ತನಾಳವೊಂದು ಹರಿದು ರಕ್ತ ಸೋರಲಾರಂಭಿಸಿದರೆ ಅದು ಹೊರಗೆ ಬರಲು ದಾರಿಯಿಲ್ಲ. ಮೊದಮೊದಲು ದ್ರವವೂ ಸ್ವಲ್ಪ ರಕ್ತವೂ ಕೆಳಕ್ಕೆ ಸರಿದು ಜಾಗ ಬಿಟ್ಟುಕೊಡುತ್ತವೆ. ಈ ಅವಧಿಯಲ್ಲಿ ವ್ಯಕ್ತಿ ಮಾತನಾಡುತ್ತಾನೆ, ನಡೆಯುತ್ತಾನೆ, ಚಹಾ ಕುಡಿಯುತ್ತಾನೆ. ಬಿಟ್ಟುಕೊಡಲು ಜಾಗವೇ ಉಳಿಯದಿದ್ದಾಗ ಒಳಗಿನ ಒತ್ತಡ ಒಮ್ಮೆಲೇ ಏರಿ, ಉಸಿರಾಟವನ್ನು ನಿಯಂತ್ರಿಸುವ ಮಿದುಳಿನ ಕಾಂಡದ ಭಾಗವನ್ನು ಅದುಮುತ್ತದೆ. ಕಿವಿಯ ಮೇಲ್ಭಾಗದ ಕಪಾಲದ ಮೂಳೆ ತೆಳುವಾಗಿದ್ದು, ಅದರ ಒಳಬದಿಗೆ ಅಂಟಿಕೊಂಡಂತೆ ಒಂದು ಅಪಧಮನಿ ಹಾದುಹೋಗುತ್ತದೆ. ಅಲ್ಲಿ ಬಿದ್ದ ಪೆಟ್ಟು ಹೊರಗೆ ಗಾಯವಿಲ್ಲದಿದ್ದರೂ ಒಳಗೆ ಈ ರೀತಿಯ ರಕ್ತಸ್ರಾವವನ್ನು ಉಂಟುಮಾಡಬಲ್ಲದು. ಸಕಾಲದಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಹೆಪ್ಪುಗಟ್ಟಿದ ರಕ್ತವನ್ನು ತೆಗೆದರೆ ಇಂತಹವರಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಅಂದರೆ ನಮ್ಮ ನಿರ್ಲಕ್ಷ್ಯದಿಂದ ಕಳೆದುಕೊಳ್ಳುವುದು ಉಳಿಸಿಕೊಳ್ಳಬಹುದಾಗಿದ್ದ ಜೀವವನ್ನೇ.

ರಕ್ತಸ್ರಾವವೊಂದೇ ಅಪಾಯವಲ್ಲ. ಓಡುತ್ತಿದ್ದ ತಲೆ ಥಟ್ಟನೆ ನಿಂತಾಗ ಒಳಗಿನ ಮಿದುಳು ಮಾತ್ರ ಮುಂದಕ್ಕೆ ಚಲಿಸಿ ಬುರುಡೆಗೆ ಬಡಿಯುತ್ತದೆ, ಮತ್ತೆ ಹಿಂದಕ್ಕೆ ಬಂದು ಎದುರು ಬದಿಗೂ ಬಡಿಯುತ್ತದೆ. ತಲೆ ತಿರುಚಿಕೊಂಡು ನಿಂತರೆ ನರತಂತುಗಳು ಎಳೆದಂತಾಗಿ ಹರಿಯುತ್ತವೆ. ಹರಿದ ತಂತುಗಳನ್ನು ಶಸ್ತ್ರಚಿಕಿತ್ಸೆಯಿಂದ ಹೊಲಿಯಲಾಗದು.

ಎತ್ತರದ ವಿಷಯದಲ್ಲಿ ಒಂದು ಸರಳ ಲೆಕ್ಕವನ್ನು ಸದಸ್ಯರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ನಿಂತ ಎತ್ತರದಿಂದ ನೇರವಾಗಿ ತಲೆ ನೆಲಕ್ಕೆ ಬಡಿದರೆ ಅದರ ವೇಗ ಗಂಟೆಗೆ ಸುಮಾರು 20 ಕಿ.ಮೀ. ಒಂದಂತಸ್ತಿನ ಮನೆಯ ತಾರಸಿಯಿಂದ, ಅಂದರೆ 3 ಮೀಟರ್‌ನಿಂದ ಬಿದ್ದರೆ ಸುಮಾರು 28 ಕಿ.ಮೀ. 15 ಮೀಟರ್ ಎತ್ತರದ ಅಡಿಕೆ ಮರದಿಂದ ಬಿದ್ದರೆ 60 ಕಿ.ಮೀ. ಮೀರುತ್ತದೆ. ವೇಗ ಎರಡರಷ್ಟಾದರೆ ಆಘಾತದ ಶಕ್ತಿ ನಾಲ್ಕರಷ್ಟಾಗುತ್ತದೆ. "ಬೈಕು ನಿಧಾನವಾಗಿಯೇ ಹೋಗುತ್ತಿತ್ತು" ಎಂಬ ಮಾತು ನಮ್ಮನ್ನು ಸಮಾಧಾನಪಡಿಸಬಾರದು. ಬೈಕು ನಿಂತೇ ಇದ್ದರೂ ಅಷ್ಟೆತ್ತರದಿಂದ ಕಾಂಕ್ರೀಟಿಗೆ ಬಡಿದ ತಲೆಗೆ ಪೆಟ್ಟು ಬಿದ್ದೇ ಬೀಳುತ್ತದೆ.

ಹುಲ್ಲಿನ ರಾಶಿಯ ಮೇಲೆ ಬಿದ್ದ ತೆಂಗಿನಕಾಯಿ ಒಡೆಯುವುದಿಲ್ಲ, ಚಪ್ಪಡಿಯ ಮೇಲೆ ಬಿದ್ದದ್ದು ಒಡೆಯುತ್ತದೆ. ಹೆಲ್ಮೆಟ್ ಮಾಡುವ ಕೆಲಸ ಆ ಹುಲ್ಲಿನದೇ. ಅದರ ಹೊರಗಿನ ಗಟ್ಟಿ ಚಿಪ್ಪಿಗಿಂತಲೂ ಒಳಗಿನ ಥರ್ಮಾಕೋಲ್ ಪದರವೇ ಮುಖ್ಯ. ಕೆಲವೇ ಮಿಲಿಮೀಟರ್‌ಗಳಲ್ಲಿ ನಿಂತುಬಿಡುತ್ತಿದ್ದ ತಲೆಯನ್ನು ಆ ಪದರವು ತಾನು ಅಪ್ಪಚ್ಚಿಯಾಗುತ್ತ ಎರಡು ಮೂರು ಸೆಂಟಿಮೀಟರ್‌ಗಳಲ್ಲಿ ನಿಲ್ಲಿಸುತ್ತದೆ. ಆದ್ದರಿಂದಲೇ ಆ ಪದರವಿಲ್ಲದ ಟೋಪಿಯಂತಹ ಅರ್ಧ ಹೆಲ್ಮೆಟ್ ದಂಡದಿಂದ ತಪ್ಪಿಸೀತೇ ಹೊರತು ಪೆಟ್ಟಿನಿಂದ ತಪ್ಪಿಸದು. ಗಲ್ಲದ ಪಟ್ಟಿ ಕಟ್ಟದ ಹೆಲ್ಮೆಟ್ ತಲೆಗಿಂತ ಮೊದಲೇ ಹಾರಿಹೋಗುತ್ತದೆ. ಒಮ್ಮೆ ಅಪಘಾತದಲ್ಲಿ ಪೆಟ್ಟು ತಿಂದ ಹೆಲ್ಮೆಟ್ ಅನ್ನು ಮತ್ತೆ ಬಳಸಬಾರದು. ಕೊಳ್ಳುವಾಗ ಐ.ಎಸ್. 4151 ಸಂಖ್ಯೆಯ ಐ.ಎಸ್.ಐ. ಗುರುತನ್ನು ನೋಡಬೇಕು.

ಈ ಜ್ಞಾನ ಹೊಸದೇನಲ್ಲ. 1935ರಲ್ಲಿ 'ಲಾರೆನ್ಸ್ ಆಫ್ ಅರೇಬಿಯಾ' ಎಂದು ಪ್ರಸಿದ್ಧನಾಗಿದ್ದ ಟಿ.ಇ. ಲಾರೆನ್ಸ್ ಇಂಗ್ಲೆಂಡಿನ ಹಳ್ಳಿಗಾಡಿನ ರಸ್ತೆಯಲ್ಲಿ ಬೈಕಿನಿಂದ ಬಿದ್ದು, ತಲೆಯ ಪೆಟ್ಟಿನಿಂದ ಆರು ದಿನಗಳ ನಂತರ ತೀರಿಕೊಂಡನು. ಆತನನ್ನು ನೋಡಿದ ವೈದ್ಯರಲ್ಲಿ ಒಬ್ಬರಾಗಿದ್ದ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರಚಿಕಿತ್ಸಕರು ಮುಂದೆ ಸೈನ್ಯದ ಬೈಕ್ ಸವಾರರ ತಲೆಪೆಟ್ಟುಗಳನ್ನು ಅಧ್ಯಯನ ಮಾಡಿ, ಹೆಲ್ಮೆಟ್‌ನ ಮಹತ್ವವನ್ನು 1941ರಲ್ಲಿ ಪ್ರಕಟಿಸಿದರು. ನಂತರದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೆಲ್ಮೆಟ್ ಧಾರಣೆಯಿಂದ ಬೈಕ್ ಸವಾರರ ಸಾವಿನ ಸಂಭವ ಸುಮಾರು ಶೇ 42ರಷ್ಟೂ ತಲೆಪೆಟ್ಟಿನ ಸಂಭವ ಸುಮಾರು ಶೇ 69ರಷ್ಟೂ ಕಡಿಮೆಯಾಗುವುದು ಕಂಡುಬಂದಿದೆ. ನಮ್ಮ ರಾಜ್ಯದಲ್ಲಿ ಹಿಂಬದಿ ಸವಾರರಿಗೂ 2016ರ ಜನವರಿಯಿಂದ ಹೆಲ್ಮೆಟ್ ಕಡ್ಡಾಯವಾಗಿದೆ. ಆದರೂ ಹಳ್ಳಿಯಲ್ಲಿ ಹಿಂಬದಿಯವರ ತಲೆಯ ಮೇಲೆ ಸೆರಗಲ್ಲದೆ ಬೇರೇನೂ ಕಾಣುವುದಿಲ್ಲ. ಕಡೂರು ತಾಲ್ಲೂಕಿನ ಪಂಚನಹಳ್ಳಿಯವರಾದ, ರಾಷ್ಟ್ರಪ್ರಶಸ್ತಿ ಪುರಸ್ಕೃತ ನಟ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬೈಕ್ ಅಪಘಾತಕ್ಕೀಡಾದಾಗ ಹಿಂಬದಿ ಸವಾರರಾಗಿದ್ದರು. ತಲೆಯ ಪೆಟ್ಟಿನಿಂದ ಮಿದುಳು ನಿಷ್ಕ್ರಿಯವಾಗಿ, ಕುಟುಂಬದವರು ಅವರ ಅಂಗಾಂಗಗಳನ್ನು ದಾನ ಮಾಡಿದ್ದನ್ನು ತಾವೆಲ್ಲರೂ ಬಲ್ಲಿರಿ.

ಬೈಕಿನ ಹೊರತಾದ ಕಾರಣಗಳೂ ನಮ್ಮಲ್ಲಿ ಕಡಿಮೆಯಿಲ್ಲ. ಅಡಿಕೆ ಕೊನೆ ಕೊಯ್ಯುವವರು, ತೆಂಗಿನ ಮರ ಹತ್ತುವವರು, ಕಟ್ಟಡದ ಸಾರುವೆಯ ಮೇಲೆ ಬರಿದಲೆಯಲ್ಲಿ ನಿಲ್ಲುವ ಗಾರೆ ಕೆಲಸದವರು, ತಡೆಗೋಡೆಯಿಲ್ಲದ ತಾರಸಿಯಲ್ಲಿ ಗಾಳಿಪಟ ಹಾರಿಸುವ ಮಕ್ಕಳು, ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕುಳಿತು ಸಾಗುವವರು, ಬಚ್ಚಲಿನಲ್ಲಿ ಜಾರುವ ವೃದ್ಧರು. ನೆಲದ ಮೇಲೇ ನಿಂತು ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯು ಈಗ ಅಡಿಕೆ ಪ್ರದೇಶಗಳಲ್ಲಿ ಬಳಕೆಗೆ ಬಂದಿದೆ. ತೆಂಗು ಅಭಿವೃದ್ಧಿ ಮಂಡಳಿಯ 'ಕೇರ ಸುರಕ್ಷಾ' ವಿಮೆ ಮರ ಹತ್ತುವವರಿಗಾಗಿಯೇ ಇದೆ. ಇವೆರಡರ ಬಗ್ಗೆ ಗ್ರಾಮಸಭೆಯಲ್ಲಿ ಪ್ರಸ್ತಾಪವಾದದ್ದನ್ನು ನಾನು ಕೇಳಿದ್ದು ವಿರಳ. ಕಟ್ಟಡ ಪರವಾನಗಿ ನೀಡುವಾಗ ತಾರಸಿಗೆ ಕನಿಷ್ಠ ಒಂದು ಮೀಟರ್ ಎತ್ತರದ ತಡೆಗೋಡೆ ನಕ್ಷೆಯಲ್ಲಿ ಇದೆಯೇ ಎಂದು ನೋಡುವುದಕ್ಕೆ ಯಾವ ವಿಶೇಷ ಅನುದಾನವೂ ಬೇಕಿಲ್ಲ.

ವೃದ್ಧರ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ವಯಸ್ಸಾದಂತೆ ಮಿದುಳು ಕುಗ್ಗಿ ಬುರುಡೆಯೊಳಗೆ ಜಾಗ ಹೆಚ್ಚುವುದರಿಂದ ಅವರಲ್ಲಿ ರಕ್ತ ನಿಧಾನವಾಗಿ ಸೇರುತ್ತದೆ. ಬಿದ್ದು ಎರಡು ಮೂರು ವಾರಗಳ ನಂತರ ಮರೆವು, ತಡವರಿಕೆ, ಒಂದು ಕಾಲು ಎಳೆದು ನಡೆಯುವುದು ಕಾಣಿಸಿಕೊಂಡರೆ "ವಯಸ್ಸಾಯಿತು" ಎಂದು ಬಿಡಬಾರದು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಿಗೂ ಮದ್ಯಪಾನಿಗಳಿಗೂ ಈ ಅಪಾಯ ಹೆಚ್ಚು. ಮದ್ಯದ ವಾಸನೆ ಬರುತ್ತಿರುವ ವ್ಯಕ್ತಿ ರಸ್ತೆಬದಿ ಬಿದ್ದಿದ್ದರೆ "ಕುಡಿದಿದ್ದಾನೆ, ಮಲಗಲಿ" ಎನ್ನುವುದು ನಮ್ಮ ಊರುಗಳ ರೂಢಿ. ಅಮಲು ಹೊತ್ತು ಕಳೆದಂತೆ ಇಳಿಯಬೇಕು. ಮಂಪರು ಹೆಚ್ಚುತ್ತಲೇ ಹೋದರೆ ಅದು ಅಮಲಲ್ಲ.

ತಲೆಗೆ ಪೆಟ್ಟಾದ ಸ್ಥಳಕ್ಕೆ ಸದಸ್ಯರು ಹೋದಾಗ ಗಮನಿಸಬೇಕಾದದ್ದು ರಕ್ತವನ್ನಲ್ಲ, ಎಚ್ಚರವನ್ನು. ಕ್ಷಣಕಾಲವಾದರೂ ಪ್ರಜ್ಞೆ ತಪ್ಪಿತ್ತೇ, ಹೇಗೆ ಬಿದ್ದೆ ಎಂಬುದು ನೆನಪಿದೆಯೇ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಾರೆಯೇ ಎಂದು ವಿಚಾರಿಸಬೇಕು. ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ಫಿಟ್ಸ್, ಒಂದು ಕಣ್ಣಿನ ಪಾಪೆ ಮತ್ತೊಂದಕ್ಕಿಂತ ದೊಡ್ಡದಾಗಿರುವುದು, ಒಂದು ಬದಿಯ ಕೈಕಾಲಿನಲ್ಲಿ ಶಕ್ತಿ ಕುಂದುವುದು, ಕಿವಿ ಅಥವಾ ಮೂಗಿನಿಂದ ರಕ್ತವೋ ತಿಳಿನೀರೋ ಸೋರುವುದು ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಕಳುಹಿಸಲು ಕೋರಬೇಕು. ಸಾಮಾನ್ಯ ಎಕ್ಸ್-ರೇ ಮೂಳೆಯನ್ನು ತೋರಿಸುತ್ತದೆ, ಒಳಗಿನ ರಕ್ತಸ್ರಾವವನ್ನಲ್ಲ. ಸೋರುವ ಕಿವಿಗೆ ಹತ್ತಿ ತುರುಕಬಾರದು. ಮಂಪರಿನಲ್ಲಿರುವವರ ಬಾಯಿಗೆ ನೀರು, ಕಾಫಿ, ಸೋಡಾ ಹಾಕಬಾರದು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಕುತ್ತಿಗೆಗೂ ಪೆಟ್ಟಾಗಿರಬಹುದಾದ್ದರಿಂದ ಕೈಕಾಲು ಹಿಡಿದು ಎತ್ತಿ ಆಟೋಗೆ ತುಂಬದೆ, ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಹಲಗೆಯ ಮೇಲೆ ಸಾಗಿಸಬೇಕು. ವಾಂತಿಯಾಗುತ್ತಿದ್ದರೆ ಇಡೀ ದೇಹವನ್ನು ಒಟ್ಟಿಗೆ ಪಕ್ಕಕ್ಕೆ ಹೊರಳಿಸಬೇಕು. ಯಾವ ಲಕ್ಷಣವೂ ಇಲ್ಲದಿದ್ದರೂ ವೈದ್ಯರಿಗೆ ತೋರಿಸಬೇಕು. ಅವರು ಮನೆಗೆ ಕಳುಹಿಸಿದರೆ ಮೊದಲ 24 ಗಂಟೆ ಒಬ್ಬರು ಜೊತೆಯಲ್ಲಿದ್ದು, ರಾತ್ರಿ ನಡುನಡುವೆ ಎಬ್ಬಿಸಿ ಹೆಸರು ಕೇಳಿ ನೋಡಬೇಕು.

ಪೊಲೀಸ್, ನ್ಯಾಯಾಲಯ ಎಂಬ ಭಯದಿಂದ ಜನ ಹಿಂಜರಿಯುತ್ತಾರೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿಸಿದ 134ಎ ಕಲಮು, ಸದುದ್ದೇಶದಿಂದ ನೆರವಾದವರನ್ನು ಸಿವಿಲ್ ಹಾಗೂ ಕ್ರಿಮಿನಲ್ ಹೊಣೆಯಿಂದ ರಕ್ಷಿಸುತ್ತದೆ. ಹಣದ ಚಿಂತೆಗೂ ಉತ್ತರವಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಡಿ, ಮೋಟಾರು ವಾಹನದಿಂದ ಯಾವುದೇ ರಸ್ತೆಯಲ್ಲಿ ಅಪಘಾತವಾದರೂ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ಚಿಕಿತ್ಸೆ ದೊರೆಯುತ್ತದೆ. ಮರದಿಂದ ಬಿದ್ದವರಿಗೆ ಇದು ಅನ್ವಯಿಸದು. ಅವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯೇ ಆಧಾರ.

ಇನ್ನು ಬದುಕಿ ಉಳಿದವರ ವಿಷಯ. ಶಸ್ತ್ರಚಿಕಿತ್ಸೆಯ ನಂತರ ಆ ಮಹಿಳೆ ಮನೆಗೆ ಮರಳಿದರು. ನೋಡುವವರಿಗೆ ಮೊದಲಿನಂತೆಯೇ ಇದ್ದಾರೆ. ಆದರೆ ಸಂಘದ ಪುಸ್ತಕ ಕೊಟ್ಟರೆ ಕೂಡುವಾಗ ನಡುವೆ ನಿಂತುಬಿಡುತ್ತಾರೆ, ಒಲೆಯ ಮೇಲೆ ಹಾಲಿಟ್ಟದ್ದು ಮರೆಯುತ್ತಾರೆ, ಮೊದಲು ಏರುದನಿಯಲ್ಲಿ ಮಾತನಾಡದವರು ಈಗ ಸಣ್ಣ ಮಾತಿಗೂ ಸಿಡುಕುತ್ತಾರೆ. "ಇವಳಿಗೆ ಅಹಂಕಾರ ಬಂದಿದೆ" ಎಂದು ನೆರೆಯವರು ಆಡಿದ್ದನ್ನು ನಾನೇ ಕೇಳಿದ್ದೇನೆ. ಸ್ಮರಣೆ, ಗಮನ, ಸಿಟ್ಟಿನ ಹತೋಟಿ ಇವೆಲ್ಲವೂ ಮಿದುಳಿನ ಕೆಲಸಗಳೇ; ಕಾಲು ಮುರಿದವರಿಗೆ ಸಿಗುವ ಸಹಾನುಭೂತಿ ಇವರಿಗೆ ಸಿಗುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಮಿದುಳಿನ ಪೆಟ್ಟು ಎಂಬ ಪ್ರತ್ಯೇಕ ಹೆಸರಿಲ್ಲ. ಆದ ಕಾರಣ ಅದರಿಂದ ಉಂಟಾದ ಚಲನೆಯ, ಮಾತಿನ ಅಥವಾ ಮಾನಸಿಕ ತೊಂದರೆಯ ಹೆಸರಿನಲ್ಲಿ ತಪಾಸಣೆ ಮಾಡಿಸಿ ಯು.ಡಿ.ಐ.ಡಿ. ಕಾರ್ಡ್‌ಗೆ ಅರ್ಜಿ ಸಲ್ಲಿಸಬೇಕಾಗುತ್ತದೆ. ನಮ್ಮ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಪಟ್ಟಿಯಲ್ಲಿ ಇಂತಹವರ ಹೆಸರು ಬಿಟ್ಟುಹೋಗಿದೆಯೇ ಎಂಬುದನ್ನು ಸಾಮಾಜಿಕ ನ್ಯಾಯ ಸಮಿತಿಯು ಪರಿಶೀಲಿಸಬಹುದು.

ಕೊನೆಯದಾಗಿ ಆ ಉಬ್ಬಿನ ವಿಷಯ. ಭಾರತೀಯ ರಸ್ತೆ ಕಾಂಗ್ರೆಸ್‌ನ 99ನೇ ಸಂಖ್ಯೆಯ ಮಾರ್ಗಸೂಚಿಯಂತೆ, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಬಹುದಾದ ಉಬ್ಬಿನ ಎತ್ತರ 10 ಸೆಂ.ಮೀ., ವಾಹನ ಸಾಗುವ ದಿಕ್ಕಿನಲ್ಲಿ ಅದರ ಅಗಲ 3.7 ಮೀಟರ್. ಅಂದರೆ ಅದು ಹಸುವಿನ ಬೆನ್ನಿನಂತೆ ನಿಧಾನವಾಗಿ ಏರಿ ಇಳಿಯಬೇಕು. ನಾವು ಹಾಕಿಸಿದ್ದು ಹೊಲದ ಬದುವಿನಂತಹುದು. ಅದರ ಮೇಲೆ ಬಣ್ಣದ ಪಟ್ಟೆ ಇರಬೇಕು, ಮುಂಚಿತವಾಗಿಯೇ ಎಚ್ಚರಿಕೆಯ ಫಲಕ ಕಾಣಬೇಕು. ಅಪಘಾತವಾದ ಎಂಟು ದಿನಗಳಲ್ಲಿ ಅದನ್ನು ಒಡೆಸಿ, ಅಳತೆ ಹಿಡಿದು ಹೊಸದಾಗಿ ಹಾಕಿಸಿದೆವು. ತಗುಲಿದ ವೆಚ್ಚ ಪಂಚಾಯಿತಿಗೆ ಭಾರವೇನೂ ಆಗಲಿಲ್ಲ. ತಮ್ಮ ವಾರ್ಡಿನಲ್ಲಿರುವ ಪ್ರತಿಯೊಂದು ಉಬ್ಬನ್ನೂ ಟೇಪು ಹಿಡಿದು ಅಳೆದು, ಎತ್ತರ, ಅಗಲ, ಬಣ್ಣ, ಫಲಕ ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದು, ಮುಂದಿನ ಸಾಮಾನ್ಯ ಸಭೆಗೆ ತರಬೇಕೆಂದು ಕೋರಿದೆ. ಬೆಳಕಿನಲ್ಲಿ ಒಮ್ಮೆ, ಮುಸ್ಸಂಜೆಯಲ್ಲಿ ಮತ್ತೊಮ್ಮೆ ನೋಡಿದರೆ ಒಳಿತು.