ಹಳೇ ಲ್ಯಾಪ್‌ಟಾಪಿಗೆ ಮರುಜೀವ: ಎಸ್‌ಎಸ್‌ಡಿ, ರ‍್ಯಾಮ್ ನಾವೇ ಹಾಕೋಣ



ಎಂಟನೇ ತರಗತಿಗೆ ಘರ್ಷಣೆಯ ಪಾಠ. ಪ್ರೊಜೆಕ್ಟರ್ ಜೋಡಿಸಿದ್ದಾಯ್ತು, ಕಿಟಕಿ ಮುಚ್ಚಿದ್ದಾಯ್ತು, ಲ್ಯಾಪ್‌ಟಾಪ್ ಆನ್ ಮಾಡಿದ್ದಾಯ್ತು. ಆಮೇಲೆ? ಪರದೆ ಮೇಲೆ ಚಕ್ರ ಸುತ್ತುತ್ತಲೇ ಇದೆ, ಹಿಂದಿನ ಬೆಂಚಿನಲ್ಲಿ ಗಲಾಟೆ ಶುರು. ಒಮ್ಮೆ ಗಡಿಯಾರ ಹಿಡಿದು ಅಳೆದೆ. ಗುಂಡಿ ಒತ್ತಿದಾಗಿನಿಂದ ಫೆಟ್ ಪ್ರಯೋಗ ತೆರೆಯುವವರೆಗೆ 6 ನಿಮಿಷ 10 ಸೆಕೆಂಡು! 35 ನಿಮಿಷದ ಪೀರಿಯಡ್‌ನಲ್ಲಿ ಆರನೇ ಒಂದು ಪಾಲಿಗಿಂತ ಹೆಚ್ಚು ಕಾಯುವುದಕ್ಕೇ ಹೋಯಿತು.

"ಗುಜರಿಗೆ ಹಾಕಿಬಿಡಿ ಸರ್" ಅಂದರು ಸ್ಟಾಫ್‌ರೂಮಿನಲ್ಲಿ. ಆದರೆ ಗೋವಾದ ನಮ್ಮ ಕನ್ನಡ ಶಾಲೆಗಳ ಪರಿಸ್ಥಿತಿ ನಿಮಗೆ ಗೊತ್ತೇ ಇದೆ. ಬಾಗಲಕೋಟೆ, ಗದಗ, ವಿಜಯಪುರ, ಕೊಪ್ಪಳದ ಕಡೆಯಿಂದ ಕೂಲಿಗೆ ಬಂದವರ ಮಕ್ಕಳೇ ಹೆಚ್ಚು. ಹೊಸದು ಕೊಳ್ಳಲು ಯಾರ ಬಳಿ ಕೇಳೋಣ? ಹಾಗಾಗಿ ಎರಡು ಭಾಗ ಮಾತ್ರ ಬದಲಿಸಿದೆ. ಈಗ ಅದೇ ಪ್ರಯೋಗ 50 ಸೆಕೆಂಡಿನೊಳಗೆ ತೆರೆಯುತ್ತದೆ. ಹೇಗೆ ಅಂತ ನೋಡೋಣ.

ನಿಧಾನಕ್ಕೆ ಕಾರಣವೇನು?

ಹಾರ್ಡ್ ಡಿಸ್ಕ್ ನಮ್ಮ ಬೀರು ಇದ್ದ ಹಾಗೆ, ರ‍್ಯಾಮ್ ನಮ್ಮ ಮೇಜು. ಕೆಲಸಕ್ಕೆ ಬೇಕಾದ ಪುಸ್ತಕವನ್ನು ಬೀರುವಿನಿಂದ ಮೇಜಿಗೆ ತರಬೇಕು. ಬೀರು ತೆರೆಯಲು ತಡವಾದರೂ ಕಷ್ಟ, ಮೇಜು ಚಿಕ್ಕದಾದರೂ ಕಷ್ಟ.

ಹಳೇ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿನೊಳಗೆ ನಿಜವಾಗಿಯೂ ಒಂದು ತಟ್ಟೆ ತಿರುಗುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90. ಒಂದು ಸುತ್ತಿಗೆ 11.1 ಮಿಲಿಸೆಕೆಂಡು. ಬೇಕಾದ ಜಾಗ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, 5.6 ಮಿಲಿಸೆಕೆಂಡು. ತಲೆ ಸರಿಯಾದ ಪಥಕ್ಕೆ ಸರಿಯಲು ಇನ್ನೂ ಸುಮಾರು 10. ಹೀಗಾಗಿ ಅಲ್ಲೊಂದು ಇಲ್ಲೊಂದು ಇರುವ ಚಿಕ್ಕ ಕಡತಗಳನ್ನು ಸೆಕೆಂಡಿಗೆ ಸುಮಾರು 60 ಸಲ ಮಾತ್ರ ಹುಡುಕಬಲ್ಲದು. ವಿಂಡೋಸ್ ಶುರುವಾಗುವಾಗ ಬೇಕಾಗುವುದು ಇಂಥ ಸಾವಿರಾರು ಕಡತಗಳು.

ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅವಾಹಕದಿಂದ ಸುತ್ತುವರಿದ ಕೋಶಗಳಲ್ಲಿ ಎಲೆಕ್ಟ್ರಾನುಗಳನ್ನು ಹಿಡಿದಿಡುವ ಫ್ಲ್ಯಾಶ್ ಸ್ಮೃತಿ ಅದು. ಜಪಾನಿನ ತೋಶಿಬಾದಲ್ಲಿದ್ದ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ರೂಪಿಸಿದ್ದು. ಹುಡುಕಲು ಸುಮಾರು 0.1 ಮಿಲಿಸೆಕೆಂಡು ಸಾಕು.

ರ‍್ಯಾಮಿನ ಕಥೆ ಬೇರೆ. ಅಲ್ಲಿ ಒಂದೊಂದು ಬಿಟ್‌ಗೂ ಒಂದು ಪುಟ್ಟ ಕೆಪಾಸಿಟರ್. ತೂತು ಬಿದ್ದ ಕೊಡದ ಹಾಗೆ ಆವೇಶ ಸೋರುತ್ತಿರುತ್ತದೆ, ಅದಕ್ಕೇ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಮತ್ತೆ ತುಂಬಬೇಕು. ಕರೆಂಟು ಹೋದರೆ ಎಲ್ಲ ಖಾಲಿ. ಈ ರ‍್ಯಾಮ್ ತುಂಬಿಹೋದಾಗ ಯಂತ್ರವು ಡಿಸ್ಕಿನ ಒಂದು ಭಾಗವನ್ನೇ ಮೇಜಿನಂತೆ ಬಳಸುತ್ತದೆ. ಡಿಸ್ಕೇ ನಿಧಾನವಾಗಿದ್ದರೆ ಮುಗಿಯಿತು ಕಥೆ.

ಕೊಳ್ಳುವ ಮೊದಲು

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಡಿಸ್ಕ್ ಸದಾ 100 ಪ್ರತಿಶತ ತೋರಿಸಿದರೆ ಎಸ್‌ಎಸ್‌ಡಿ ಬೇಕು. ಮೆಮೊರಿ ಸದಾ 85-90 ಪ್ರತಿಶತ ದಾಟಿದ್ದರೆ ರ‍್ಯಾಮ್ ಬೇಕು. ದುಡ್ಡು ಒಂದಕ್ಕೇ ಇದ್ದರೆ, ಮೊದಲು ಎಸ್‌ಎಸ್‌ಡಿ ಹಾಕಿಸಿ.

ರ‍್ಯಾಮ್ ಪೀಳಿಗೆ ಸರಿಯಾಗಿ ನೋಡಿಕೊಳ್ಳಿ. ಡಿಡಿಆರ್3ಕ್ಕೆ 204 ಪಿನ್ನು, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಕಚ್ಚಿನ ಜಾಗವೂ ಬೇರೆ, ಒಂದು ಇನ್ನೊಂದರಲ್ಲಿ ಕೂರುವುದಿಲ್ಲ. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅಲ್ಲಿ ನಾವು ಮಾಡುವಂಥದ್ದು ಏನೂ ಇಲ್ಲ.

ಎಸ್‌ಎಸ್‌ಡಿಯೂ ಎರಡು ಆಕಾರದಲ್ಲಿ ಸಿಗುತ್ತದೆ: ಹಾರ್ಡ್ ಡಿಸ್ಕಿನಷ್ಟೇ ಇರುವ ಎರಡೂವರೆ ಇಂಚಿನದು, ಚೂಯಿಂಗ್ ಗಮ್ ಪಟ್ಟಿಯಂಥ ಎಂ.2. ಎಂ.2ರಲ್ಲೂ ಸಾಟಾ, ಎನ್‌ವಿಎಂಇ ಎಂದು ಎರಡು ಬಗೆ. ಮಾದರಿ ಸಂಖ್ಯೆ ಬರೆದುಕೊಂಡು ಕೈಪಿಡಿಯಲ್ಲಿ ನೋಡಿ, ಆಮೇಲೆ ಮಡಗಾಂವಿಗೋ ಪಣಜಿಗೋ ಬಸ್ ಹತ್ತಿ. ಹಳೇ ರ‍್ಯಾಮ್ ಪಟ್ಟಿಯ ಫೋಟೊ ಮೊಬೈಲಿನಲ್ಲಿರಲಿ.

ಯಂತ್ರ ಶಾಲೆಯದಾದರೆ ಮುಖ್ಯೋಪಾಧ್ಯಾಯರ ಲಿಖಿತ ಒಪ್ಪಿಗೆ ಪಡೆದು ದಾಸ್ತಾನು ಪುಸ್ತಕದಲ್ಲಿ ನಮೂದಿಸಿ. ವಾರಂಟಿ ಇದ್ದರೆ ಕೈ ಹಾಕಬೇಡಿ.

ಮೊದಲು ಬ್ಯಾಕಪ್, ಆಮೇಲೆ ಸ್ಕ್ರೂಡ್ರೈವರ್

ಇದನ್ನು ದಪ್ಪಕ್ಷರದಲ್ಲಿ ಬರೆಯಬೇಕು, ಯಾಕೆಂದರೆ ನಾನು ಪೆಟ್ಟು ತಿಂದವನು. ಮೊದಲ ಸಲ ಮಾಡಿದಾಗ ಯಾವುದರಿಂದ ಯಾವುದಕ್ಕೆ ನಕಲು ಅನ್ನುವುದನ್ನು ಸರಿಯಾಗಿ ಓದದೆ ಗುಂಡಿ ಒತ್ತಿದೆ. ಖಾಲಿ ಡಿಸ್ಕು ತುಂಬಿದ್ದರ ಮೇಲೆ ನಕಲಾಯಿತು. ಪ್ರಶ್ನೆಪತ್ರಿಕೆಗಳನ್ನು ಮತ್ತೆ ಬರೆದೆ, ಅದು ದೊಡ್ಡದಲ್ಲ. ಆದರೆ ಮೂರು ವರ್ಷದ ವಿಜ್ಞಾನ ಪ್ರದರ್ಶನದ ಫೋಟೊಗಳು ಹೋದವು. ಅದರಲ್ಲಿದ್ದ ಎಷ್ಟೋ ಮಕ್ಕಳು ವರ್ಷದ ನಡುವೆಯೇ ಊರಿಗೆ ವಾಪಸ್ ಹೋದವರು. ಅವರು ಮಾಡಿದ ಮಾದರಿಯ ಗುರುತು ಇನ್ನೆಲ್ಲೂ ಇಲ್ಲ. ತಪ್ಪು ನನ್ನದೇ.

ಆದ್ದರಿಂದ ಮುಖ್ಯ ಕಡತಗಳು ಬೇರೆ ಎರಡು ಕಡೆ ಇರಲಿ. ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಕಾಗದದ ಮೇಲೆ ಬರೆದಿಡಿ. ಹಳೇ ನುಡಿ, ಬರಹ ಕಡತಗಳಿದ್ದರೆ ಆ ಅಕ್ಷರಶೈಲಿಗಳನ್ನೂ ಉಳಿಸಿಕೊಳ್ಳಿ. ಯೂನಿಕೋಡ್ ಅಲ್ಲದ ಕಡತ ಅವಿಲ್ಲದೆ ಓದಲು ಬಾರದ ಚಿಹ್ನೆಗಳಾಗಿ ಕಾಣುತ್ತದೆ.

ಕೆಲಸದ ಕ್ರಮ

1. ಹೊಸ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಬಲ್ ಮೂಲಕ ಜೋಡಿಸಿ ಕ್ಲೋನ್ ಮಾಡಿ. ಮೂಲ ಯಾವುದು, ಗುರಿ ಯಾವುದು ಅಂತ ಗಟ್ಟಿಯಾಗಿ ಓದಿ. ತುಂಬಿರುವ ಕಡತಗಳ ಗಾತ್ರ ಹೊಸದಕ್ಕಿಂತ ಕಡಿಮೆ ಇರಬೇಕು. ಮಳೆಗಾಲದಲ್ಲಿ ಕರೆಂಟಿನ ಭರವಸೆ ಇಲ್ಲ, ಬ್ಯಾಟರಿ ತುಂಬಿರಲಿ.
2. ಶಿಫ್ಟ್ ಕೀಲಿ ಒತ್ತಿಹಿಡಿದು ಶಟ್‌ಡೌನ್ ಮಾಡಿ, ಪೂರ್ತಿ ಆರುತ್ತದೆ. ಚಾರ್ಜರ್ ಕಿತ್ತಿಡಿ.
3. ಬೆವರು ಒರೆಸಿಕೊಳ್ಳಿ. ಕರಾವಳಿಯ ಸೆಖೆಯಲ್ಲಿ ಉಪ್ಪುನೀರಿನ ಹನಿ ಬೋರ್ಡಿಗೆ ಬೀಳಬಾರದು. ಲೋಹದ ನಲ್ಲಿಯನ್ನೋ ಕಿಟಕಿ ಸರಳನ್ನೋ ಮುಟ್ಟಿ. ನಮಗೆ ಚುರುಕ್ ಅನ್ನಿಸಲು ಸುಮಾರು 3000 ವೋಲ್ಟ್ ಬೇಕು, ಚಿಪ್ ಹಾಳಾಗಲು ಅದಕ್ಕಿಂತ ಬಹಳ ಕಡಿಮೆ ಸಾಕು.
4. ತಳದ ಸ್ಕ್ರೂ ಬಿಚ್ಚಿ. ಕಾಗದದ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು ಆಯಾ ಜಾಗದಲ್ಲೇ ಸ್ಕ್ರೂ ಇಡಿ, ಉದ್ದ ಬೇರೆ ಬೇರೆ ಇರುತ್ತದೆ.
5. ಮೊದಲು ಬ್ಯಾಟರಿಯ ಸಂಪರ್ಕ ತೆಗೆಯಿರಿ, ಪವರ್ ಗುಂಡಿ 15 ಸೆಕೆಂಡು ಒತ್ತಿಹಿಡಿಯಿರಿ. ಬ್ಯಾಟರಿ ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ, ಒತ್ತಬೇಡಿ, ಚುಚ್ಚಬೇಡಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಬಹುದು.
6. ಹಳೇ ಡಿಸ್ಕನ್ನು ಅದರ ಚೌಕಟ್ಟಿನೊಂದಿಗೆ ಸರಿಸಿ ತೆಗೆದು, ಅದೇ ಚೌಕಟ್ಟಿನಲ್ಲಿ ಎಸ್‌ಎಸ್‌ಡಿ ಕೂರಿಸಿ.
7. ರ‍್ಯಾಮಿನ ಎರಡೂ ಬದಿಯ ಕೊಕ್ಕೆ ಅಗಲಿಸಿದರೆ ಪಟ್ಟಿ ಓರೆಯಾಗಿ ಮೇಲೇಳುತ್ತದೆ. ಹೊಸದನ್ನು ಅದೇ ಓರೆಯಲ್ಲಿ ಪೂರ್ತಿ ಒಳಗೆ ತಳ್ಳಿ, ಕೆಳಗೊತ್ತಿ. ಟಕ್ ಅಂತ ಸದ್ದು ಬರಬೇಕು.
8. ಬ್ಯಾಟರಿ ಜೋಡಿಸಿ, ಮುಚ್ಚಿ, ಆನ್ ಮಾಡಿ.

ಪರದೆ ಕಪ್ಪಾಗಿಯೇ ಇದೆಯೇ? ಹೊಸ ರ‍್ಯಾಮ್ ಗುರುತಿಸಲು ಕೆಲವು ಯಂತ್ರಕ್ಕೆ ಒಂದೆರಡು ನಿಮಿಷ ಬೇಕು. ಆಮೇಲೂ ಬಾರದಿದ್ದರೆ, ಆರಿಸಿ ಬ್ಯಾಟರಿ ಬಿಡಿಸಿ ರ‍್ಯಾಮ್ ಮತ್ತೆ ಕೂರಿಸಿ. ನನಗೆ ಹೀಗೇ ಆಗಿ ಅರ್ಧ ಗಂಟೆ ಎದೆ ಡವಡವ. ನೋಡಿದರೆ ಪಟ್ಟಿ ಒಂದು ಮಿಲಿಮೀಟರ್ ಹೊರಗಿತ್ತು ಅಷ್ಟೇ!

ಒಂದು ಮಾತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೇ ಯಂತ್ರ ವಿಂಡೋಸ್ 11ಕ್ಕೆ ಒಗ್ಗದಿದ್ದರೆ ಉಬುಂಟುನಂಥ ಉಚಿತ ವ್ಯವಸ್ಥೆ ಹಾಕಬಹುದು. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಅಂಥ ಮುಕ್ತ ತಂತ್ರಾಂಶದಲ್ಲೇ ಪಾಠ ನಡೆಸುತ್ತಿವೆ.

ಹಳೇ ಡಿಸ್ಕ್ ಏನು ಮಾಡೋಣ?

ಒಂದು ತಿಂಗಳು ಹಾಗೇ ಇಡಿ. ಎಲ್ಲ ಸರಿ ಇದೆ ಅಂತ ಖಾತ್ರಿಯಾದ ಮೇಲೆ ಯುಎಸ್‌ಬಿ ಡಬ್ಬಿಗೆ ಹಾಕಿ ಬ್ಯಾಕಪ್‌ಗೆ ಬಳಸಿ. ಬೇರೆಯವರಿಗೆ ಕೊಡುವುದಾದರೆ ಪೂರ್ತಿ ಅಳಿಸಿಯೇ ಕೊಡಿ. ಮಕ್ಕಳ ಅಂಕ, ವಿಳಾಸ, ಆಧಾರ್ ಸಂಖ್ಯೆ ಅದರಲ್ಲಿರಬಹುದು. ಕೆಟ್ಟುಹೋಗಿದ್ದರೆ ಕಸದ ಬುಟ್ಟಿಗಲ್ಲ, ಇ-ತ್ಯಾಜ್ಯ ಸಂಗ್ರಹಕ್ಕೆ.

ತರಗತಿಗೆ

- 7200 ಸುತ್ತಿನ ಡಿಸ್ಕಿನಲ್ಲಿ ಸರಾಸರಿ ಅರ್ಧ ಸುತ್ತಿಗೆ ಎಷ್ಟು ಸಮಯ? (ಉತ್ತರ: 4.17 ಮಿಲಿಸೆಕೆಂಡು)
- 256 ಜಿಬಿ ಎಸ್‌ಎಸ್‌ಡಿ ವಿಂಡೋಸ್‌ನಲ್ಲಿ 238 ಅಂತ ಕಾಣುವುದೇಕೆ? (ಸುಳಿವು: ತಯಾರಕರದು 10ರ ಘಾತ, ವಿಂಡೋಸ್‌ನದು 2ರ ಘಾತ. 256 × 10⁹ ಅನ್ನು 2³⁰ರಿಂದ ಭಾಗಿಸಿ ನೋಡಿ.)
- ಕೆಟ್ಟ ಹಾರ್ಡ್ ಡಿಸ್ಕ್ ಬಿಚ್ಚಿ, ಕನ್ನಡಿಯಂಥ ತಟ್ಟೆ ಮತ್ತು ಬಲವಾದ ಅಯಸ್ಕಾಂತ ತೋರಿಸಿ. ಬೆರಳು ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ತಟ್ಟೆ ಗಾಜಿನದೂ ಇರಬಹುದು, ಬಗ್ಗಿಸಬೇಡಿ.

ನಾನು ನಮ್ಮ ಯಂತ್ರ ಬಿಚ್ಚಿದಾಗ ಒಂಬತ್ತನೇ ತರಗತಿಯ ನಾಲ್ವರನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ಆ ಕೊನೆಯ ಟಕ್ ಸದ್ದು ಮಾಡಿದ್ದು ಒಬ್ಬ ಹುಡುಗಿ. ಈಗ ಪ್ರೊಜೆಕ್ಟರ್ ಜೋಡಿಸಬೇಕಾದರೆ ನನಗಿಂತ ಮೊದಲು ಅವಳೇ ಎದ್ದು ಬರುತ್ತಾಳೆ. ನಿಮ್ಮ ಶಾಲೆಯ ಬೀರುವಿನಲ್ಲೂ ಒಂದು ನಿಧಾನದ ಲ್ಯಾಪ್‌ಟಾಪ್ ಮಲಗಿರಬಹುದು. ಬ್ಯಾಕಪ್ ತೆಗೆದುಕೊಂಡು, ಮಕ್ಕಳನ್ನು ಕೂರಿಸಿಕೊಂಡು ಬಿಚ್ಚಿ ನೋಡಿ.