ಅಂಗಡಿ, ಹೋಟೆಲ್, ಬ್ಯಾಂಕಿನವರ ಗಮನಕ್ಕೆ: ಮಾಡಬೇಕಾದ್ದು, ಮಾಡಬಾರದ್ದು

ವಿಕಲಚೇತನ ಗಿರಾಕಿಗೆ ಅನುಕೂಲ ಮಾಡಿಕೊಡುವುದು ನಿಮ್ಮ ದೊಡ್ಡ ಮನಸ್ಸಿಗೆ ಬಿಟ್ಟ ವಿಷಯವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಕಚೇರಿಗಳಿಗೆ ಮಾತ್ರವಲ್ಲ, ಸಾರ್ವಜನಿಕರಿಗೆ ಸೇವೆ ಕೊಡುವ ಖಾಸಗಿಯವರಿಗೂ ಅನ್ವಯಿಸುತ್ತದೆ. “ಅಂಗಡಿ ನಮ್ಮದು, ನಮ್ಮಿಷ್ಟ” ಎಂಬ ಮಾತು ನಡೆಯುವುದಿಲ್ಲ.

ಮಾಡಬೇಕಾದ್ದು

ಮೊದಲು ಬಾಗಿಲ ಮುಂದಿನ ಮೆಟ್ಟಿಲು ನೋಡಿ. ಮಳೆನೀರು ನುಗ್ಗಬಾರದೆಂದು ಅಂಗಡಿ ಎತ್ತರಿಸಿದ್ದೀರಿ, ಸರಿ. ಆದರೆ ಸ್ಕೂಟರ್ ಹತ್ತಿಸುವ ಹಲಗೆ ರ‍್ಯಾಂಪ್ ಆಗುವುದಿಲ್ಲ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ, ಇದು ಲೆಕ್ಕ. ಆರಿಂಚಿನ ಒಂದೇ ಮೆಟ್ಟಿಲಿಗೂ ಆರಡಿ ಇಳಿಜಾರು ಬೇಕು. ಅದಕ್ಕಿಂತ ಕಡಿದಾದರೆ ಹತ್ತುವಾಗ ಗಾಲಿಕುರ್ಚಿ ಹಿಂದಕ್ಕೆ ಮಗುಚಬಹುದು, ಇಳಿಯುವಾಗ ಹಿಡಿತಕ್ಕೆ ಸಿಗದೆ ರಸ್ತೆಗೇ ಉರುಳಬಹುದು. ಪಕ್ಕದಲ್ಲಿ ಹಿಡಿಕಂಬಿ ಇರಲಿ, ಬಾಗಿಲು 90 ಸೆಂ.ಮೀ. ತೆರೆದುಕೊಳ್ಳಲಿ. ಕಾಯಂ ಆಗಿ ಕಟ್ಟಲು ಜಾಗವಿಲ್ಲದಿದ್ದರೆ ಮಡಚುವ ರ‍್ಯಾಂಪ್ ತಂದಿಡಿ, ಕೂತವರ ಕೈಗೆಟುಕುವಂತೆ ಒಂದು ಬೆಲ್ ಹಾಕಿಸಿ, ಬೆಲ್ ಆದ ಕೂಡಲೇ ಹೊರಗೆ ಬನ್ನಿ.

ದರ್ಶಿನಿ ನಡೆಸುವವರಿಗೆ ಇನ್ನೂ ಒಂದು ಮಾತು. ಎದೆಮಟ್ಟದ ಮೇಜಿನ ಮುಂದೆ ಗಾಲಿಕುರ್ಚಿಯಲ್ಲಿ ಕೂತವರಿಗೆ ಕಾಣುವುದು ಮೇಜಿನ ಅಂಚು ಮಾತ್ರ, ತಟ್ಟೆ ಕಾಣುವುದಿಲ್ಲ. ಊರುಗೋಲು ಹಿಡಿದವರ ಎರಡೂ ಕೈ ಕೋಲಿನ ಮೇಲೇ ಇರುತ್ತವೆ. ಬಿಸಿ ಸಾಂಬಾರಿನ ತಟ್ಟೆಯನ್ನು ಅವರು ಯಾವ ಕೈಯಲ್ಲಿ ಹೊರಬೇಕು? 75 ಸೆಂ.ಮೀ. ಎತ್ತರದ ಒಂದು ಮೇಜು, ಅದಕ್ಕೆರಡು ಕುರ್ಚಿ ಹಾಕಿ. ‘ಸೆಲ್ಫ್ ಸರ್ವಿಸ್’ ಬೋರ್ಡಿದ್ದರೂ ಅವರಿದ್ದಲ್ಲಿಗೇ ತಟ್ಟೆ ಕೊಂಡೊಯ್ದು ಕೊಡಿ. ಟೋಕನ್ ನಂಬರ್ ಕೂಗಿದರೆ ಸಾಲದು, ಕಿವಿ ಕೇಳದವರಿಗೆ ಕಾಣುವಂತೆ ಪರದೆಯ ಮೇಲೂ ಬರಲಿ. ಕ್ಯೂಆರ್ ಕೋಡಿನ ಮೆನು ಕಣ್ಣು ಕಾಣದವರ ಉಪಯೋಗಕ್ಕೆ ಬಾರದಿದ್ದರೆ ಪಕ್ಕ ನಿಂತು ಬೆಲೆ ಸಮೇತ ಓದಿ ಹೇಳಿ.

ಬ್ಯಾಂಕಿನವರೇ, ದೃಷ್ಟಿಹೀನರಿಗೆ ಚೆಕ್‌ಬುಕ್, ಎಟಿಎಂ, ಲಾಕರ್ ಕೊಡಲು ಒಲ್ಲೆನೆನ್ನಬಾರದೆಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಹೇಳಿದೆ. ಕೆವೈಸಿಗೆ ಕಣ್ಣು ಮಿಟುಕಿಸಲೇಬೇಕೆಂದು ಹಟ ಹಿಡಿಯಬೇಡಿ. ಆಸಿಡ್ ದಾಳಿಯಲ್ಲಿ ರೆಪ್ಪೆಯನ್ನೇ ಕಳೆದುಕೊಂಡವರು ಹೇಗೆ ಮಿಟುಕಿಸಬೇಕು? ಬೇರೆ ದಾರಿ ಒದಗಿಸಬೇಕೆಂದು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ.

ಮಾಡಬಾರದ್ದು

ಕೇಳದೆ ಮೈ ಮುಟ್ಟಬೇಡಿ. ಗಾಲಿಕುರ್ಚಿ ತಳ್ಳಬೇಡಿ, ಬಿಳಿಕೋಲು ಹಿಡಿದು ಎಳೆಯಬೇಡಿ. “ನಾಲ್ಕು ಜನ ಸೇರಿ ಎತ್ತಿ ಒಳಗೆ ಕೂರಿಸ್ತೀವಿ” ಎಂಬುದು ಉಪಕಾರವಲ್ಲ. ಬೆಳೆದ ಮನುಷ್ಯರನ್ನು ಜನರೆದುರು ಅಕ್ಕಿಮೂಟೆಯಂತೆ ಹೊರುವುದು ಅವಮಾನ, ಅಪಾಯ ಕೂಡ.

ಜೊತೆಗೆ ಬಂದವರ ಮುಖ ನೋಡಿ “ಇವರಿಗೆ ಏನು ಬೇಕಂತೆ?” ಎನ್ನಬೇಡಿ. ಗಿರಾಕಿಯನ್ನೇ ಕೇಳಿ.

ಕಾರ್ಡಿನ ಪಿನ್ ಬಾಯಿಬಿಟ್ಟು ಹೇಳಿಸಬೇಡಿ. ಬರೀ ಗಾಜಿನ ಪರದೆಯ ಯಂತ್ರದಲ್ಲಿ ಕಣ್ಣು ಕಾಣದವರಿಗೆ ಅಂಕಿ ಸಿಗುವುದಿಲ್ಲ. ಗುಂಡಿಗಳಿರುವ ಯಂತ್ರ ಇಟ್ಟುಕೊಳ್ಳಿ.

ರ‍್ಯಾಂಪಿನ ಮೇಲೆ ಬೈಕ್ ನಿಲ್ಲಿಸಬೇಡಿ. ವಿಕಲಚೇತನರ ಶೌಚಾಲಯದಲ್ಲಿ ಪೊರಕೆ, ಬಕೆಟ್ ತುಂಬಿ ಬೀಗ ಹಾಕಬೇಡಿ.

“ಬೇರೆ ಗಿರಾಕಿಗಳಿಗೆ ಮುಜುಗರ ಆಗುತ್ತೆ” ಎಂದು ಯಾರನ್ನೂ ಎಬ್ಬಿಸಿ ಕಳಿಸಬೇಡಿ. ಸೆರೆಬ್ರಲ್ ಪಾಲ್ಸಿ ಇರುವ ಜೀಜಾ ಘೋಷ್ ಅವರನ್ನು 2012ರಲ್ಲಿ ಕೋಲ್ಕತ್ತದಲ್ಲಿ ವಿಮಾನದಿಂದ ಇಳಿಸಿದ ಕಂಪನಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಖರ್ಚಿನ ನೆಪ ಹೇಳುವವರಿಗೆ: ಶಕ್ತಿ ಮೀರಿದ ಹೊರೆಯನ್ನು ಕಾನೂನು ಯಾರ ಮೇಲೂ ಹೇರುವುದಿಲ್ಲ. ಒಂದು ಬೆಲ್ಲು, ಒಂದು ತಗ್ಗಿನ ಮೇಜು, ಹುಡುಗರಿಗೆ ಅರ್ಧ ದಿನದ ತರಬೇತಿ ಅಂಥ ಹೊರೆಯಲ್ಲ. ಕಾಯ್ದೆ ಮೀರಿದರೆ ಮೊದಲ ಸಲ 10 ಸಾವಿರ ರೂಪಾಯಿವರೆಗೆ ದಂಡ, ಮತ್ತೆ ಮೀರಿದರೆ 50 ಸಾವಿರದಿಂದ 5 ಲಕ್ಷ. ಜನರೆದುರು ಬೇಕೆಂದೇ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು.

ಗಿರಾಕಿಗಳೇ, ಬಾಗಿಲಲ್ಲೇ ತಡೆದರೆ ಸುಮ್ಮನೆ ಹಿಂದಿರುಗಬೇಡಿ. ಫೋಟೊ ತೆಗೆದು, ದಿನಾಂಕ ಬರೆದು, ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕೊಡಿ.